ಹಸಿರು ಲಕೋಟೆ

ಊರಿನ ಹೆಸರುಗಳನ್ನೆಲ್ಲ ಯಂತ್ರಕ್ಕೆ ಹಾಕಿ
ಎರಡು ಪಾಲು ಮಾಡಿದರು.
ಒಂದು ಪಾಲಿಗೆ ಹಸಿರು ಲಕೋಟೆ:
ಬನ್ನಿ, ಬರಿಹೊಟ್ಟೆಯಲ್ಲಿ ಬನ್ನಿ, ನಿಮ್ಮ ಎದೆ ನೋಡುತ್ತೇವೆ.
ಇನ್ನೊಂದು ಪಾಲಿಗೆ ಏನೂ ಇಲ್ಲ.
ತಾವೂ ಒಂದು ಪಾಲೆಂಬುದೇ ಅವರಿಗೆ ಗೊತ್ತಿರಲಿಲ್ಲ.

ಜಟ್ಲೆಂಡಿನ ಪಡುಗರೆ. ಮೀನು ಹರಾಜಿನ ಕಟ್ಟೆಯ ಹಿಂದೆ
ಹಳೇ ಮಂಜುಗಡ್ಡೆ ಕಾರ್ಖಾನೆಯ ಮಹಡಿಯಲ್ಲಿ
ನನ್ನ ಕೆಲಸ ತೋಳು.
ದಿನಕ್ಕೆ ನಲವತ್ತು: ಬಲೆ ಎಳೆದೆಳೆದು ಹುರಿಗೊಂಡವು,
ಹಿಟ್ಟು ನಾದಿದವು, ಒಂದರ ಮೇಲೆ ಲಂಗರಿನ ಹಚ್ಚೆ,
ಇನ್ನೊಂದರ ಮೇಲೆ ಅಳಿಸಲಾರದೆ ಉಳಿದ ಯಾರದೋ ಹೆಸರು.
ಪಟ್ಟಿ ಸುತ್ತಿ, ಗಾಳಿ ಒತ್ತಿ, ಮೆಲ್ಲಗೆ ಬಿಡುತ್ತ
ಪಾದರಸ ಇಳಿಯುವುದನ್ನು ಕಾಯುವಾಗ
ಇಬ್ಬರೂ ಮಾತಾಡುವಂತಿಲ್ಲ.

ಹಾವುಮೀನಿಗೆ ಹೊಗೆ ಹಾಕುವ ವಾಗ್ನ್ ಬಂದ,
ಕೋಣೆಯೆಲ್ಲ ಸುಟ್ಟ ಕಟ್ಟಿಗೆಯ ವಾಸನೆ.
ನೂರ ಎಪ್ಪತ್ತೆಂಟು, ಎಂದೆ.
ಕಿಲೋಗೋ? ಎಂದ.
ಉಪ್ಪು ಇಳಿಸು, ಪೈಪು ಬಿಡು, ರೈ ಬ್ರೆಡ್ಡಿಗೆ ಹಂದಿಕೊಬ್ಬು ಸವರಬೇಡ:
ಬರೆದುಕೊಟ್ಟೆ. ಮಡಚಿ ಟೊಪ್ಪಿಗೆಯೊಳಗೆ ಇಟ್ಟುಕೊಂಡ.
ಎಲ್ಲರೂ ಹಾಗೇ. ಮೂರು ತಿಂಗಳು ಸೇಬು ತಿಂದರು,
ಧಕ್ಕೆಯುದ್ದಕ್ಕೂ ನಡೆದರು,
ತಂತಮ್ಮ ನಂಬರು ಹೆಂಡಿರ ಮುಂದೆ ಹೇಳಿಕೊಂಡರು.
ಆಮೇಲೆ ಹೆರಿಂಗ್ ಸುಗ್ಗಿ ಬಂತು.

ನನ್ನ ಗಂಡ ಟೋರ್ಕಿಲ್ ಲಕೋಟೆ ಇಲ್ಲದ ಪಾಲಿನವ.
ಪಟ್ಟಿ ನನ್ನದೇ ಮೇಜಿನ ಎರಡನೇ ಖಾನೆಯಲ್ಲಿತ್ತು;
ಒಂದು ಸಂಜೆ ಖಾಲಿ ಲಕೋಟೆಯೊಂದನ್ನು
ಚೀಲಕ್ಕೆ ಹಾಕಿಕೊಂಡೂ ಬಂದಿದ್ದೆ.
ಬೆಳಿಗ್ಗೆ ವಾಪಸಿಟ್ಟೆ. ಚೀಟಿ ಎತ್ತಿದ ಮೇಲೆ ಎತ್ತಿದಂತೆ,
ನರ್ಸಿನ ಗಂಡನಿಗೆ ಬೇರೆ ತಕ್ಕಡಿಯೇ?
ಮನೆಯಲ್ಲಾದರೂ ತೋಳು ಚಾಚು ಅಂದರೆ
ಇಡೀ ದಿನ ಹಿಡಿದದ್ದು ಸಾಲದೇನೆ, ಎಂದು ನಗುತ್ತಿದ್ದ.
ಆರನೇ ವರ್ಷ, ಮಾರ್ಚ್. ದೋಣಿಗೆ ಬಣ್ಣ ಬಳಿಯುತ್ತ, ಏಣಿಯ ಬುಡದಲ್ಲಿ.
ಬ್ರಷ್ಷು ಕೈಯಲ್ಲೇ ಇತ್ತು.
ಅರ್ಧ ನೀಲಿಯಾದ ದೋಣಿಯನ್ನು ಯಾರೂ ಕೊಳ್ಳಲಿಲ್ಲ.

ವಾಪಸಿಟ್ಟ ಆ ಲಕೋಟೆ
ನಾಲ್ಕು ವರ್ಷ ನನ್ನ ಚೀಲದಲ್ಲಿ ಸರಭರ ಎನ್ನುತ್ತಿತ್ತು.

ಹತ್ತನೆಯ ವರ್ಷ ಲೆಕ್ಕ ಬಂತು.
ಕಾಫಿ, ದಾಲ್ಚಿನ್ನಿ ಬನ್ನು, ಪರದೆಯ ಮೇಲೆ ಎರಡು ಗೆರೆ:
ಕರೆದವರದೊಂದು, ಕರೆಯದವರದೊಂದು.
ಒಂದಕ್ಕೊಂದು ಒರಗಿಕೊಂಡೇ ಏರುತ್ತಿದ್ದವು,
ಬಿಡಿಸಿ ನೋಡಲು ಕನ್ನಡಕ ಒರೆಸಬೇಕಾಯಿತು.
ಕರೆದಲ್ಲೂ ಅಷ್ಟೇ ಎದೆ ಒಡೆದಿದ್ದವು, ಕರೆಯದಲ್ಲೂ ಅಷ್ಟೇ.
ಡಾಕ್ಟರು ಗಂಟಲು ಸರಿಮಾಡಿಕೊಂಡರು.
ರಕ್ತ ತೆಗೆಯುವ ಹುಡುಗಿ ಅತ್ತೇಬಿಟ್ಟಳು, ಅಷ್ಟೊಂದು ಸೂಜಿ!
ಹತ್ತು ವರ್ಷದ ದುಡಿಮೆ
ಕಡಲಲ್ಲಿ ಹುಣಸೆ ಕಿವುಚಿದಂತಾಗಿತ್ತು.
ನಾನು ಅಳಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ,
ನನ್ನ ಎದೆಯ ಮೇಲಿಂದ ಯಾರೋ ಕಾಲು ತೆಗೆದಂತಾಯಿತು.
ಲಕೋಟೆ ತಂದಿದ್ದರೂ ಅಷ್ಟೇ. ತಾರದಿದ್ದರೂ ಅಷ್ಟೇ.

ಬಸ್ಸು ಮೂರನೇ ನಿಲ್ದಾಣ ದಾಟುವಷ್ಟರಲ್ಲಿ ಆ ಹಗುರ ಹುಳಿಯಿತು.
ಗೆರೆ ಊರಿನದು. ಟೋರ್ಕಿಲ್ ಊರಲ್ಲ.
ಅವನ ಒಂದು ತೋಳಿನ ಬಗ್ಗೆ ಗೆರೆ ಬಾಯಿ ಬಿಡುವುದಿಲ್ಲ,
ಹೂಂ ಇಲ್ಲ, ಉಹುಂ ಇಲ್ಲ.

ಈಗ ನಿವೃತ್ತಿ. ಎಂಬತ್ತು ದಾಟಿದ ವಾಗ್ನ್
ಮಂಗಳವಾರ ಮಂಗಳವಾರ ಹಿಂಬಾಗಿಲಿಗೆ ಬಂದು
ಅಂಗಿತೋಳು ಮಡಚುತ್ತಾನೆ.
ಪೈಪು ಬಿಟ್ಟಿಲ್ಲ. ನನ್ನ ಚೀಟಿ ಟೊಪ್ಪಿಗೆಯೊಳಗೇ ಇದೆಯಂತೆ,
ಚಳಿಗೆ ಒಳ್ಳೆಯದಂತೆ.
ಇದರಿಂದೇನೂ ಆಗುವುದಿಲ್ಲ ಮಾರಾಯ,
ಲೆಕ್ಕ ಹಾಕಿ ನೋಡಿಯಾಗಿದೆ, ಎನ್ನುತ್ತೇನೆ.
ಗೊತ್ತು, ಸುತ್ತು, ಎನ್ನುತ್ತಾನೆ.
ಪಾದರಸ ಇಳಿಯುವ ತನಕ ಇಬ್ಬರೂ ಸುಮ್ಮನೆ.
ಅವನ ರಟ್ಟೆಯ ಹೊಗೆವಾಸನೆ ಪಟ್ಟಿಗೆ ಹತ್ತಿ
ಗುರುವಾರದವರೆಗೂ ಹೋಗುವುದಿಲ್ಲ.