ನೀರಿನ ಲೆಕ್ಕ

ಹೆದ್ದಾರಿಯ ಹಸಿರು ಫಲಕ ಹೇಳುತ್ತದೆ:
ಪ್ಲಮ್ ಫೋರ್ಕ್, ನೆಬ್ರಾಸ್ಕಾ. ಜನಸಂಖ್ಯೆ ೧೦೪೧.
ಕೊನೆಯ ಒಂದರಲ್ಲಿ ಯಾವನೋ ಬೇಟೆಗಾರ ಹೊಡೆದ ತೂತು.
ಸಂಜೆಹೊತ್ತು ಆ ಒಬ್ಬನ ಎದೆಯಿಂದ
ಬಿಸಿಲು ಹಾಯುತ್ತದೆ.

ನಾನು ವರ್ಲಾ ಕುಚೆರಾ. ಇಪ್ಪತ್ತಾರು ವರ್ಷದಿಂದ
ತಿಂಗಳ ಮೊದಲ ವಾರ, ಕೈಯಲ್ಲಿ ಕೊಕ್ಕೆ,
ಮನೆಮನೆ ಮುಂದಿನ ಗುಂಡಿಯ ಮುಚ್ಚಳ ಎಬ್ಬಿಸಿ
ಮಂಡಿಯೂರಿ ನೀರಿನ ಮೀಟರು ಓದುತ್ತೇನೆ.
ಜೇಡ, ಕಪ್ಪೆ, ಒಮ್ಮೊಮ್ಮೆ ಹಾವಿನ ಪೊರೆ;
ಸರಿಸಿದರೆ ಅಂಕಿ.

ಗಣತಿಯವರು ಹತ್ತು ವರ್ಷಕ್ಕೊಮ್ಮೆ ಬಂದು
ಬಾಗಿಲನ್ನು ಕೇಳುತ್ತಾರೆ.
ಬಾಗಿಲಿಗೆ ಸುಳ್ಳು ಗೊತ್ತು, ನಲ್ಲಿಗೆ ಗೊತ್ತಿಲ್ಲ.
ತಲೆಗೆ ತಿಂಗಳಿಗೆ ಎರಡು ಸಾವಿರ ಗ್ಯಾಲನ್,
ಮೀಯಲು, ತೊಳೆಯಲು, ಸೋರಲು.
ಭಾಗಿಸಿದರೆ ಆಯಿತು.

ಮೊದಲೆಲ್ಲ ಬರೀ ಕಳೆಯುವ ಲೆಕ್ಕ.
ಪಾದ್ರಿಯ ಮನೆಯ ಮೀಟರು ಆರು ವರ್ಷ
ಒಂದೇ ಅಂಕಿ ಹಿಡಿದು ಕೂತಿತ್ತು,
ಮುಂದಿನ ಸಾಲು ಮರೆತವರ ಹಾಗೆ.
ಆಮೇಲೆ ಟರ್ಕಿ ಕೋಳಿ ಕಡಿಯುವ ಕಾರ್ಖಾನೆ
ರಾತ್ರಿ ಪಾಳಿ ತೆರೆಯಿತು.

ಕೋಲ್ಟರ್‌ಮನ್ನರ ಹಳೆ ಮನೆ. ಅರ್ಜಿಯಲ್ಲಿ ಇಬ್ಬರು.
ಮೀಟರಿನಲ್ಲಿ ಹನ್ನೊಂದು ಸಾವಿರ.
ಐದೂವರೆ ಜನ.
ಆ ಅರ್ಧ ಯಾರೆಂದು ತಿಳಿದದ್ದು ಮಾರ್ಚಿನಲ್ಲಿ,
ಎವಾರಿಸ್ಟೊ ತ್ಸೊಕ್‌ನ ಹಗ್ಗದ ಮೇಲೆ
ಹೆಬ್ಬೆರಳಿನಷ್ಟು ಕಾಲುಚೀಲಗಳು ಒಣಗುವಾಗ.

ಮಧ್ಯಾಹ್ನ ನಾನು ಹೋದಾಗಲೇ ಹೊದಾನ್ ಮನೆಯ ಮುಳ್ಳು
ಬೊಗಸೆ ಬೊಗಸೆಯಾಗಿ ತಿರುಗುತ್ತದೆ:
ಕೈ, ಬಾಯಿ, ಮುಖ, ಪಾದ. ನಮಾಜಿನ ಹೊತ್ತು.
ಬರ್ಮಾದಿಂದ ಬಂದ ನೋ ಪೋ ವಾ
ಜುಲೈ ಪೂರ್ತಿ ಪುಂಡಿ ಸೊಪ್ಪಿಗೆ ಕುಡಿಸುತ್ತಾಳೆ.
ಒಂದೆಲೆ ಕಿತ್ತು ನನ್ನ ಬಾಯಿಗಿಟ್ಟಳು;
ಹುಳಿಗೆ ನನ್ನ ಒಂದು ಕಣ್ಣು ಮುಚ್ಚಿತು, ಅವಳು ನಕ್ಕಳು.
ಇದಕ್ಕೆ ಕಾಲಂ ಇಲ್ಲ.

ಅಗ್ನಿಶಾಮಕದ ಶೆಡ್ಡಿನಲ್ಲಿ ಊರ ಸಭೆ.
ಮೇಯರ್ ವರದಿ ಓದಿದರು: ಮಧ್ಯಮ ಆದಾಯ
ಶೇಕಡಾ ಹನ್ನೊಂದು ಏರಿದೆ.
ಚಪ್ಪಾಳೆ.
ಒಂದೇ ಸೂರಿನಡಿ ಮೂರು ಸಂಬಳ ಸೇರಿದರೂ ಏರುತ್ತದೆ,
ಬಡವರು ಸಾಲಾಗಿ ಸತ್ತರೂ ಏರುತ್ತದೆ, ನಾನು ಅನ್ನಲಿಲ್ಲ.
ಮನೆಗಳನ್ನು ಬಡತನದಿಂದ ಸಿರಿತನಕ್ಕೆ ಸಾಲು ನಿಲ್ಲಿಸಿದೆ, ಮನಸ್ಸಿನಲ್ಲೇ.
ನಾನೂರ ಎರಡು. ಸಮಸಂಖ್ಯೆ. ನಟ್ಟನಡುವೆ ಯಾರೂ ಇಲ್ಲ;
ಎರಡು ಮನೆಗಳ ನಡುವಿನ ಬೇಲಿ,
ಬೇಲಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ.

ವೈವಿಧ್ಯದ ಸೂಚ್ಯಂಕವೂ ಓದಿದರು:
ಕಣ್ಣುಮುಚ್ಚಿ ಇಬ್ಬರನ್ನು ಆರಿಸಿದರೆ
ಬೇರೆಬೇರೆಯವರು ಸಿಗುವ ಸಂಭವ ನೂರಕ್ಕೆ ಐವತ್ತೆಂಟು.
ಐವತ್ತರ ದಶಕದಲ್ಲಿ ಸೊನ್ನೆಯಂತೆ.
ಆಗ ನನ್ನಪ್ಪ ಚೆಕ್ ಕ್ಯಾಥೊಲಿಕ್, ಅಮ್ಮ ಜರ್ಮನ್ ಲುಥೆರನ್.
ಮದುವೆಗೆ ಎರಡೂ ಕಡೆಯಿಂದ ಬಂದದ್ದು ಒಂದು ನಾಯಿ,
ಅದೂ ನೆರೆಮನೆಯದು.
ಸೊನ್ನೆ!

ಕೊನೆಗೆ ಡುವೇನ್ ಸ್ಟೆಂಗೆಲ್ ಎದ್ದು ನಿಂತ.
ಮನೆಗಿಷ್ಟೇ ಜನ ಎಂದು ಕಾಯಿದೆ ಬೇಕಂತೆ.
“ಕೋಲ್ಟರ್‌ಮನ್ ಮನೆಯಲ್ಲಿ ಎಷ್ಟು ತಲೆ?
ವರ್ಲಾ, ನಿನಗೆ ಗೊತ್ತಲ್ಲ.”
ಕುರ್ಚಿಗಳೆಲ್ಲ ನನ್ನ ಕಡೆ ತಿರುಗಿದವು.
ಶಾಲೆಯಲ್ಲಿ ಅವನಿಗೆ ಭಾಗಾಕಾರ ಹೇಳಿಕೊಟ್ಟವಳು ನಾನೇ.

“ಪೈಪು ಸೋರುತ್ತಿದೆ,” ಅಂದೆ.
“ಹಳೇ ಪೈಪು.”

ಜೂನಿನಿಂದ ರೇಡಿಯೋ ಮೀಟರು ಬರುತ್ತವೆ.
ಅಂಕಿಗಳು ತಾವೇ ಹಾರಿ ಕಚೇರಿಗೆ ಹೋಗುತ್ತವೆ,
ಏನನ್ನೂ ಮರೆಯದೆ.
ಫೆಬ್ರವರಿಯಲ್ಲಿ ಕೊನೆಯ ಸುತ್ತಿಗೆ ಹೋದಾಗ
ಮುಚ್ಚಳ ಹಿಮಕ್ಕೆ ಕಚ್ಚಿತ್ತು, ಕೊಕ್ಕೆಗೆ ಜಗ್ಗಲಿಲ್ಲ.
ಎವಾರಿಸ್ಟೊನ ಹೆಂಡತಿ, ಹೆಸರು ಇನ್ನೂ ಕೇಳಿಲ್ಲ,
ಸೊಂಟದಲ್ಲಿ ಆ ಅರ್ಧವನ್ನು ಎತ್ತಿಕೊಂಡು
ಕೆಟಲ್ ತಂದು ಸುತ್ತ ಸುರಿದಳು.
ಆವಿ ಏಳುತ್ತಾ ಮುಚ್ಚಳ ಬಿಟ್ಟಿತು.

ಅಷ್ಟು ನೀರೂ ಮೀಟರಿಗೆ ಬಂದಿರುತ್ತದೆ.
ಅವಳ ಬಿಲ್ಲಿಗೇ.