ಸರಿ, ಬೆಸ, ಅಥವಾ

ಮೌಲ್ಯಮಾಪನದ ಮೂರನೇ ದಿನ. ಹಂಪನಕಟ್ಟೆಯ ಕಾಲೇಜು.
ಫ್ಯಾನು ಸೆಕೆಯನ್ನೇ ತಿರುವಿ ತಿರುವಿ ಬಡಿಸುತ್ತಿದೆ.
ಮೂವತ್ತೆರಡನೇ ಉತ್ತರಪತ್ರಿಕೆ: ಹೆಸರಿಲ್ಲ, ಊರಿಲ್ಲ,
ಎಡಕ್ಕೆ ವಾಲಿದ ನೀಲಿ ಅಕ್ಷರ ಮಾತ್ರ ಉಂಟು.

ಪ್ರಶ್ನೆ ಸುಲಭದ್ದೇ.
ಸೈನ್ ಎರಡು ಎಕ್ಸ್ ಸೊನ್ನೆಯಾದರೆ ಎಕ್ಸ್ ಎಷ್ಟೆಷ್ಟು?
ಈ ಮಗು ಅದನ್ನು ತೆಂಗಿನಕಾಯಿಯ ಹಾಗೆ ಒಡೆದಿದೆ.
ಒಂದು ಹೋಳು ಸೈನ್. ಅದು ಸೊನ್ನೆಯಾಗುವಲ್ಲೆಲ್ಲ ಎನ್ ಪೈ.
ಇನ್ನೊಂದು ಹೋಳು ಕಾಸ್. ಅದಕ್ಕೆ ಅರ್ಧ ಪೈಯ ಬೆಸಗಳು.
ಎರಡು ಸಾಲು, ನಡುವೆ ಒಂದು 'ಅಥವಾ'.
ಅಲ್ಲಿಗೆ ಪೆನ್ನು ಎತ್ತಿದೆ.

ಮಾದರಿ ಉತ್ತರದಲ್ಲಿ ಇರುವುದು ಒಂದೇ ಸಾಲು:
ಅರ್ಧ ಪೈಯನ್ನು ಯಾವ ಪೂರ್ಣಾಂಕದಿಂದಲಾದರೂ ಗುಣಿಸಿ.
'ಒಟ್ಟು ಸೇರಿಸದಿದ್ದರೆ ಒಂದು ಅಂಕ ಕಡಿತ' ಎಂದು
ಬೆಳಗ್ಗೆಯೇ ಓದಿ ಹೇಳಿದ್ದಾರೆ ಲಸ್ರಾದೊ ಸರ್.
ಕೆಂಪು ಪೆನ್ನಿನ ಮುಚ್ಚಳ ನನ್ನ ಬಾಯಲ್ಲಿ.

ನಾನು ಬೆಂಗ್ರೆಯವಳು.
ಹೊಳೆ ದಾಟಿ ಬಂದರಿಗೆ ಬರಲು ಆಗ ಎರಡು ದೋಣಿ:
ಗಂಟೆಗೆ ಸರಿಯಾಗಿ ಪುತ್ತುಬಾವನದ್ದು,
ಅರೆಗಂಟೆಗೆ ಧೂಮಣ್ಣ ಮೆಂಡನರದ್ದು.
ಒಬ್ಬೊಬ್ಬರೂ ಗಂಟೆಗೊಮ್ಮೆ, ಅಷ್ಟೇ.
ಪುತ್ತುಬಾವನದ್ದು ಹಸಿರು, ಹೊಟ್ಟೆ ತುಂಬ ರೇಡಿಯೊ.
ಧೂಮಣ್ಣನದ್ದು ಬಣ್ಣ ಬಿಟ್ಟದ್ದು, ಹಲಗೆಗೆ ಅಂಟಿದ ಮೀನಿನ ಪೊರೆ,
ಮಾತಾಡಿದರೆ ಇಂಧನ ಖರ್ಚಾಗುತ್ತದೆ ಎಂಬಂಥ ಮುಖ.
ಆದರೆ ದಕ್ಕೆಯಲ್ಲಿ ಯಾರನ್ನೇ ಕೇಳಿ,
'ಅರ್ಧ ಗಂಟೆಗೊಂದು ಬೋಟ್ ಉಂಟು ಮಾರಾಯ್ತಿ' ಅನ್ನುತ್ತಿದ್ದರು.
ಸುಳ್ಳಲ್ಲ.
ಸರಿಯೂ ಬೆಸವೂ ಸೇರಿದರೆ ಬಿಟ್ಟುಹೋಗುವ ಸಂಖ್ಯೆಯೇ ಇಲ್ಲ.
ಕಾಯುವವರಿಗೆ ಅಷ್ಟು ಸಾಕು.

ಒಂದು ಆಟಿಯಲ್ಲಿ ಧೂಮಣ್ಣನ ಎಂಜಿನ್ ಕೂತಿತು,
ಹನ್ನೊಂದು ದಿನ.
'ಅರ್ಧ ಗಂಟೆಗೊಂದು' ಎಂಬ ದೋಣಿ
ಯಾವತ್ತೂ ನೀರಿಗಿಳಿದದ್ದೇ ಇಲ್ಲ
ಎಂದು ಗೊತ್ತಾದದ್ದು ಆಗ.
ಅಮ್ಮ ಮೀನಿನ ಬುಟ್ಟಿ ಇಳಿಸಿ,
ಆರೂವರೆ ಇದ್ದ ಜಾಗದ ತೂತಿನೊಳಗೆ
ಏಳರವರೆಗೆ ಕೂತಿದ್ದಳು.

ಮತ್ತೆ, ಎಲ್ಲವೂ ಇಷ್ಟು ಚಂದಕ್ಕೆ ಸೇರುವುದೂ ಇಲ್ಲ.
ಸೈನ್ ಮೂರು ಎಕ್ಸನ್ನು ಸೈನ್ ಎಕ್ಸಿಗೆ ಸಮ ಮಾಡಿ ನೋಡಿ:
ಇಡೀ ಪೈಗಳು ಒಂದು ಕಡೆ, ಕಾಲು ಪೈಯ ಬೆಸಗಳು ಇನ್ನೊಂದು ಕಡೆ.
ವೃತ್ತದ ಮೇಲೆ ಇಟ್ಟರೆ ಆರು ಚುಕ್ಕೆ.
ಎಂಟು ಹಲ್ಲಿನ ಬಾಯಲ್ಲಿ ಎರಡು ಉದುರಿವೆ,
ಮೇಲೊಂದು, ಕೆಳಗೊಂದು.
ಅಲ್ಲಿ ಒಂದೇ ಸಾಲು ಮಾಡಹೊರಟವರು
ಇಲ್ಲದ ಹಲ್ಲನ್ನೂ ಎಣಿಸುತ್ತಾರೆ.
ಎಷ್ಟು ಪತ್ರಿಕೆಗಳಲ್ಲಿ ನೋಡಿಲ್ಲ ನಾನು!
ಹೆದರಿದವರು 'ಅಥವಾ'ದ ಹತ್ತಿರವೇ ನಿಲ್ಲುತ್ತಾರೆ.
ಇದೂ ಹೆದರಿಕೆಯೋ?

ಪುಟ ತಿರುಗಿಸಿದೆ. ಕಚ್ಚಾ ಕೆಲಸದ ಮೂಲೆಯಲ್ಲಿ,
ಹೊಡೆದುಹಾಕಿದ ಕೂಡುಕಳೆಯ ಕೆಳಗೆ,
ಬಳೆಯಿಟ್ಟು ಗೀಚಿದಂಥ ಪುಟ್ಟ ವೃತ್ತ.
ಅದರ ಮೇಲೆ ಸಮ ಅಂತರದಲ್ಲಿ ನಾಲ್ಕು ಚುಕ್ಕೆ.
ಎಡಬಲದ ಎರಡು ತುಂಬಿದ್ದು,
ಮೇಲೆ ಕೆಳಗಿನ ಎರಡು ಟೊಳ್ಳು.

ಒಟ್ಟು ಎಷ್ಟೆಂದು ಗೊತ್ತಿದೆ ಇದಕ್ಕೆ.
ಯಾವುದು ಯಾರದ್ದೆಂದೂ.

ಪೂರ್ತಿ ಅಂಕ ಹಾಕಿದೆ.
ಲಸ್ರಾದೊ ಸರ್ ಹಿಂದೆ ಬಂದು ನಿಂತರು:
'ಎಂತ ಮೇಡಂ, ಕೀ ನೋಡ್ಲಿಲ್ವಾ?'
'ನೋಡಿದೆ ಸರ್. ನೀವು ಈ ಮೂಲೆ ನೋಡಿ.'
ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.
'ಅರ್ಧ ಕೊಡುವ.'
'ಅರ್ಧದ ಕ್ರಮ ಇಲ್ಲ ಸರ್, ನೀವೇ ಹೇಳಿದ್ದು.'
ಅವರ ಪೆನ್ನು ವೃತ್ತದ ಸುತ್ತ ಗಾಳಿಯಲ್ಲಿ ಒಂದು ಸುತ್ತು ಬಂತು.
ಏನೂ ಹೇಳದೆ ಮುಂದಿನ ಮೇಜಿಗೆ ಹೋದರು.

ನಾನು ಮೂವತ್ತಮೂರನೆಯದರ ದಾರ ಬಿಚ್ಚಿದೆ.