ಜವಾರಿ

ಮಿರಜದಾಗ ಸತಾರಕ್ಕ ದನಿ ಬರೂದು ತಂತಿಯಿಂದಲ್ಲ,
ತಂತಿ ಕೆಳಗಿನ ಒಂಟಿ ಎಲುಬಿನಿಂದ.
ಎರಡು ಬೆರಳು ಅಗಲ. ಘೋಡಿ ಅಂತಾರ.
ಅದರ ಬೆನ್ನು ತೀಡೂದು ನನ್ನ ಕೆಲಸ.
ಒಂದು ಕೂದಲು ಹೆಚ್ಚು ತೀಡಿದರ ಸತಾರ ಮೂಕ,
ಒಂದು ಕೂದಲು ಕಡಿಮಿ ಆದರ ಬರೇ ನೊಣ.
ನಡುವ ಎಲ್ಲೋ ಒಂದು ಗುಂಯ್ ಐತಿ,
ಅದಕ್ಕ ಜವಾರಿ ಅಂತೀವಿ ಈ ಗಲ್ಲಿಯಾಗ.

ನಮ್ಮೂರು ಆರಗದಾಗ ಜವಾರಿ ಅಂದರ ಬ್ಯಾರೆ:
ಜವಾರಿ ಕೋಳಿ, ಜವಾರಿ ಬದನಿ, ಜವಾರಿ ಮಂದಿ.
ಇಪ್ಪತ್ತೆರಡು ವರ್ಸ ಆತು,
ಎರಡೂ ಒಂದ ಅಂತ ಉಸ್ತಾದರಿಗೆ
ತಿಳಿಸಿ ಹೇಳಾಕ ನನಗಿನ್ನೂ ಬಂದಿಲ್ಲ.

ಡೆನ್ಜಿಲ್ ಸಾಹೇಬ ಗಿಟಾರ್ ತಂದ.
ಗೂಡ್ಸ್ ಗಾಡಿಯ ಗಾರ್ಡ್, ಈಗ ರಿಟೈರ್.
ನ್ಯಾರೋಗೇಜ್ ಇದ್ದಾಗ ಪಂಢರಪುರದ ತನಕ
ಕಡೀ ಡಬ್ಬಿಯಾಗ ಕುಂತು ಬಾರಿಸ್ಕೋತ ಹೋಗತಿದ್ದನಂತ.
ಘೋಡಿ ಸವದೈತಿ, ಹೊಸಾದು ಕೂಡಿಸು, ಅಂದ.
ಪ್ಲಾಸ್ಟಿಕ್ ಕೂಡಿಸಾಕ ಮನಸಾಗಲಿಲ್ಲ, ಎಲುಬು ಕೂಡಿಸಿದೆ.
ಕೈ ಕೇಳಬೇಕಲ್ಲ,
ರೂಢಿ ಪ್ರಕಾರ ಬೆನ್ನಿಗೆ ಇಳಿಜಾರು ಕೊಟ್ಟುಬಿಟ್ಟಿತು.

"ಇದೇನೋ ಪಾರಗೊಂಡ, ಗಿಟಾರ್ ಗೊರಕಿ ಹೊಡೀತೈತಿ!"
ಬಿಚ್ಚಿ ಸರಿ ಮಾಡತೀನಿ ಅಂದೆ.
"ಇವತ್ತ ಶನಿವಾರ, ಟೈಮ್ ಎಲ್ಲೈತಿ?
ನೀನೂ ಬಾ ಕ್ಲಬ್ಬಿಗೆ, ನಿನ್ನ ಪಾಪ ನೀನ ಕೇಳು."

ಕ್ಲಬ್ ಅಂದರ ರೇಲ್ವೆ ಇನ್‌ಸ್ಟಿಟ್ಯೂಟು. ಮೂರು ಟ್ಯೂಬ್‌ಲೈಟು.
ಬಿಲಿಯರ್ಡ್ ಮೇಜಿನ ಮ್ಯಾಲೆ ಸೊಲ್ಲಾಪುರ ಚಾದರ,
ಚಾದರದ ಮ್ಯಾಲೆ ಖಾರಾ ಶೇಂಗಾ, ರಮ್ಮು, ಗ್ಲಾಸು.
ಡ್ರಮ್ಮಿಗೆ ಇಲಾಹಿ, ಲಗ್ನದ ಬ್ಯಾಂಡಿನಾಂವ,
ಮದುಮಗನ ಕುದುರಿ ಬೆದರದಂಗ ಬಾರಿಸಿ ಬಾರಿಸಿ
ಕೈ ಮೆತ್ತಗಾಗ್ಯಾವ.
ಮೌತ್ ಆರ್ಗನ್‌ಗೆ ಟಿಸಿ ಗವಂಡಿ, ಕರೀ ಕೋಟು ಕಳಚಿಲ್ಲ.
ಹಾಡಾಕಿ ಎಸ್ತೇರವ್ವ.
ಮಿಶನ್ ದವಾಖಾನ್ಯಾಗ ಮೂವತ್ತು ವರ್ಸ ರಾತ್ರಿ ಪಾಳಿ.
ವಿಜಾಪುರ, ಗೋಕಾಕ, ಜತ್ತ, ಎಲ್ಲಿಂದೆಲ್ಲಿಂದಲೋ
ರೈಲು ಹತ್ತಿ ಬಂದ ಬ್ಯಾನಿ
ಅಕೀ ಕೈಯಾಗ ದಾಟಿ ಹೋಗ್ಯಾವ. ಕೆಲವು ದಾಟಿಲ್ಲ.

ಬ್ಲೂಸ್ ಅಂತಾರಂತ ಈ ಹಾಡಿಗೆ. ಹಂಗಂದರ ನೀಲಿ.
ಯಾವ ನೀಲಿ, ಕೇಳಿದೆ.
"ಬಿಳೀ ಸೀರಿಗೆ ಹಾಕತೀವಲ್ಲೋ, ಕಲಿ ಕಾಣದಂಗ, ಆ ನೀಲಿ.
ಒಂದು ಮಾತು ಹೇಳು. ಅದನ್ನ ಮತ್ತೊಮ್ಮೆ ಹೇಳು,
ಮೊದಲನೇ ಸಲ ಯಾರೂ ನಂಬೂದಿಲ್ಲ.
ಮೂರನೇದಕ್ಕ ಖರೇ ಹೇಳು. ಅಷ್ಟ."

ಹಾಡಿದಳು:
ಹನ್ನೊಂದನೇ ಕಾಟಿನಾಂವ ನೀರು ಕೇಳಿದ್ದ, ನಾ ಕೊಡಲಿಲ್ಲ.
ಹನ್ನೊಂದನೇ ಕಾಟಿನಾಂವ ನೀರು ಕೇಳಿದ್ದ, ನಾ ಕೊಡಲಿಲ್ಲ.

ಆಗ ಬಂತು ಗೂಡ್ಸ್,
ಕೊಲ್ಲಾಪುರದ ಸಕ್ಕರಿ ಹೊತ್ತು, ಕಿಟಕಿಗೆ ಮೈ ತಿಕ್ಕಿದಂಗ.
ಗೋಡಿ, ಗ್ಲಾಸು, ಶೇಂಗಾ, ಎಲ್ಲಾ ನಡುಗಿದವು.
ಅಕೀ ಬಾಯಿ ಆಡಿದ್ದು ಕಂಡೆ.
ಮೂರನೇ ಸಾಲು ಗಾಲಿ ಕೆಳಗ ಹೋತು.
ಡೆನ್ಜಿಲ್ ಕಣ್ಣು ಮುಚ್ಚಿ ಡಬ್ಬಿ ಎಣಿಸಾಕತ್ತಿದ್ದ, ಹಳೇ ಚಟ.
ನಲವತ್ತೆರಡನೇದು ದಾಟಿದ ಮ್ಯಾಲೆ
ಖೋಲ್ಯಾಗ ಉಳದದ್ದು ನನ್ನ ಎಲುಬಿನ ಗುಂಯ್ ಒಂದ.

"ಅದನ್ನ ಬಿಚ್ಚಬ್ಯಾಡ,"
ಅಂದಳು ಎಸ್ತೇರವ್ವ, ನನ್ನ ಕಡೆ ನೋಡದ.
ಡೆನ್ಜಿಲ್ ರೊಕ್ಕ ಕೊಟ್ಟ, ಐವತ್ತು ಕಡಿಮಿ.

ಆಮ್ಯಾಲಿಂದ ಶನಿವಾರ ತಪ್ಪಿಸಿಲ್ಲ.
ಎಲುಬು ತೀಡೂವಾಗ ನಾನೂ ಒಂದೊಂದು
ಮೂರನೇ ಸಾಲು ಕಟ್ಟಿ ನೋಡತೀನಿ. ಯಾವುದೂ ಕೂಡಂಗಿಲ್ಲ,
ಕೂಡಿದರೂ ನೊಣ.

ಹ್ವಾದ ವಾರ ಗೂಡ್ಸ್ ತಡಾ ಆತು.
ಎಸ್ತೇರವ್ವ ಎರಡನೇ ಸಾಲು ಮತ್ತ ಹಾಡಿದಳು,
ಮತ್ತ, ಮತ್ತ, ಏಳು ಸಲ.
ಗವಂಡಿ ಉಸಿರು ಹಿಡದ.
ಇಲಾಹಿ ಕುದುರಿ ತಡದಂಗ ತಾಳ ತಡಕೊಂಡು ನಿಂತ.
ಅಕೀ ಕಿಟಕಿ ನೋಡಾಕತ್ತಿದ್ದಳು.
ಆಗ ತಿಳೀತು ನನಗ.

ಹೊರಗ ಸಿಗ್ನಲ್ ಬಿತ್ತು.
ಮೊದಲು ತಲಿ ಎತ್ತಿದಾಂವ ಗಾರ್ಡ್.